ಅಂಗಳಕ್ಕೊಂದು ನಾಯಿ

ಈ ಹೊತ್ತು ನಾನು ಮಾತಿಗೆ ಎತ್ತಿಕೊಂಡಿರುವ ವಿಷಯ ತೀರ ಸಣ್ಣದು. ಮನೆಗೆ ಒಂದು ನಾಯಿಯನ್ನು ತರಬೇಕೆ, ಬೇಡವೆ? ಇದು ವೇದಾಂತದ ಪ್ರಶ್ನೆಯಲ್ಲ, ರಾಜಕಾರಣದ್ದಂತೂ ಅಲ್ಲ. ಆದರೂ ಎರಡು ವರ್ಷಗಳಿಂದ ನಮ್ಮ ಮನೆಯಲ್ಲಿ ಇದು ಇತ್ಯರ್ಥವಾಗದೆ ಉಳಿದಿದೆ. ವಿಚಾರಿಸಿ ನೋಡಿದಾಗ ಸುತ್ತಲಿನ ಇನ್ನೂ ಹಲವು ಮನೆಗಳಲ್ಲಿ ಇದೇ ಪ್ರಶ್ನೆ ಹೀಗೆಯೇ ಉಳಿದಿದೆಯೆಂದು ತಿಳಿಯಿತು.

ಘಟ್ಟದ ಮೇಲಿನ ನಮ್ಮ ಮೂರು ತಾಲೂಕುಗಳಲ್ಲಿ, ಎಂದರೆ ಶಿರಸಿ, ಸಿದ್ದಾಪುರ, ಯಲ್ಲಾಪುರಗಳಲ್ಲಿ, ಹಿಂದೆ ಇದನ್ನು ಯಾರೂ ಪ್ರಶ್ನೆಯೆಂದು ಎಣಿಸಿದ್ದಿಲ್ಲ. ಮನೆಯೆಂದ ಮೇಲೆ ಅಂಗಳ, ಅಂಗಳವೆಂದ ಮೇಲೆ ನಾಯಿ. ಪೇಟೆಯ ಕೇಳುಗರಿಗಾಗಿ ನಮ್ಮ ಸೀಮೆಯ ಮನೆಗಳ ಸ್ಥಿತಿಯನ್ನು ಸ್ವಲ್ಪ ವಿವರಿಸಬೇಕು. ಬಯಲುಸೀಮೆಯಲ್ಲಿ ಊರು ಎಂದರೆ ಗೋಡೆಗೆ ಗೋಡೆ ಹತ್ತಿದ ಮನೆಗಳ ಸಾಲು. ನಮ್ಮಲ್ಲಿ ಊರು ಎಂದರೆ ಒಂದು ಕಣಿವೆ. ಕಣಿವೆಯ ತಗ್ಗಿನಲ್ಲಿ ಅಡಿಕೆಯ ತೋಟ, ತೋಟದ ತಲೆಗೆ ಮನೆ, ಮನೆಯ ಬೆನ್ನಿಗೆ ಸೊಪ್ಪಿನ ಬೆಟ್ಟ. ಇನ್ನೊಂದು ಮನೆ ಕೂಗಿದರೆ ಕೇಳುವಷ್ಟು ಹತ್ತಿರವಿದ್ದರೆ ಅದೇ ದೊಡ್ಡ ನೆರೆ. ತೋಟಕ್ಕೆ ಸೊಪ್ಪು, ದರಕು ಬೇಕೆಂದು ಒಂದು ಎಕರೆ ತೋಟಕ್ಕೆ 9 ಎಕರೆಯವರೆಗೆ ಬೆಟ್ಟವನ್ನು ಬಿಟ್ಟುಕೊಡುವ ಪದ್ಧತಿ ಬ್ರಿಟಿಷರ ಕಾಲದಿಂದ ನಡೆದುಬಂದಿದೆ. ಇದರಿಂದ ತೋಟಿಗರಿಗೆ ಗೊಬ್ಬರ ದೊರೆಯಿತು. ಜೊತೆಗೆ ಕಾಡು ಹಿತ್ತಿಲ ಬಾಗಿಲಿಗೇ ಬಂದು ನಿಂತಿತು. ಕಾಡು ಬಂದ ಮೇಲೆ ಕಾಡಿನಲ್ಲಿರುವವರೂ ಬರುತ್ತಾರಷ್ಟೆ.

ಹಗಲಿಗೆ ಮಂಗಗಳು, ಎಳೆಯ ಅಡಿಕೆಯನ್ನು ಚೀಪಿ ಎಸೆಯುವುದರಲ್ಲಿ ಅವಕ್ಕೆ ಎಷ್ಟು ತಿಂದೆವೆಂಬ ಲೆಕ್ಕವಿಲ್ಲ. ರಾತ್ರಿಗೆ ಹಂದಿ, ಒಂದು ಸಲ ಮೂತಿ ಹಾಕಿತೆಂದರೆ ಬಾಳೆಯ ಬುಡವೂ ಗೆಣಸಿನ ಸಾಲೂ ಒಂದೇ ಕೆಸರು. ಮಳೆಗಾಲದಲ್ಲಿ ಸೌದೆಯ ರಾಶಿಯಲ್ಲಿ ಹಾವು. ಇವೆಲ್ಲದರ ನಡುವೆ ದಣಪೆಯ ಹೊರಗೆ ಯಾರು ನಿಂತಿದ್ದಾರೆ, ಮನುಷ್ಯನೋ ಮೃಗವೋ ಎಂದು ಒಳಗಿದ್ದವರಿಗೆ ಹೇಳುವ ಕೆಲಸ ನಾಯಿಯದು. ಬೊಗಳುವುದರಲ್ಲಿಯೂ ಭೇದವಿದೆ. ನೆಂಟರಿಗೆ ಒಂದು ಬಗೆ, ಅಪರಿಚಿತರಿಗೆ ಒಂದು ಬಗೆ. ಹಾವನ್ನು ಕಂಡಾಗ ಒಂದೇ ಕಡೆ ನಿಂತು, ಹಿಂದೆ ಸರಿದು ಸರಿದು ಬೊಗಳುವುದು ಮತ್ತೊಂದು ಬಗೆ. ಚಿರತೆ ಬಂದಾಗ ಅದು ಬೊಗಳುವುದೇ ಇಲ್ಲ. ಗಂಟಲಿನಲ್ಲಿ ಏನೋ ಸಿಕ್ಕಿಕೊಂಡವರಂತೆ ಕುಂಯ್ಗುಡುತ್ತ ಬಾಗಿಲಿಗೆ ಬೆನ್ನು ತಾಗಿಸಿ ನಿಲ್ಲುತ್ತದೆ. ಹಾಸಿಗೆಯಲ್ಲಿ ಮಲಗಿಕೊಂಡೇ ಇಷ್ಟನ್ನೆಲ್ಲ ತಿಳಿದುಕೊಳ್ಳುವ ವಿದ್ಯೆ ನಮ್ಮ ಹಿರಿಯರಿಗಿತ್ತು.

ಅಂಥ ನಾಯಿಗೆ ಮನೆಯಲ್ಲಿ ಕೊಟ್ಟ ಸ್ಥಾನವಾದರೂ ಏನು? ಜಗಲಿಯ ಕೆಳಗಿನ ಮೆಟ್ಟಿಲು ಅದರ ಗಡಿ. ಅಲ್ಲಿಂದ ಮೇಲೆ ಮಡಿಯ ರಾಜ್ಯ. ಮಳೆಗಾಲದಲ್ಲಿ ಬಚ್ಚಲ ಒಲೆಯ ಬೂದಿಯಲ್ಲಿ ಮಲಗಲು ಅದಕ್ಕೆ ಅನುಮತಿಯುಂಟು. ಬೆಳಿಗ್ಗೆ ಮೈಯೆಲ್ಲ ವಿಭೂತಿ ಬಳಿದುಕೊಂಡ ಸನ್ಯಾಸಿಯಂತೆ ಎದ್ದುಬರುತ್ತಿತ್ತು. ಊಟ ಎಲ್ಲರದೂ ಮುಗಿದ ಮೇಲೆ, ಅನ್ನ ಮತ್ತು ನೀರು ಮಜ್ಜಿಗೆ. ಅದನ್ನು ಕೊಂಡು ತಂದವರಿಲ್ಲ. ನೆರೆಮನೆಯಲ್ಲಿ ಮರಿ ಹಾಕಿತ್ತು, ಕಣ್ಣು ಬಿಟ್ಟು ಓಡಾಡತೊಡಗಿದ ಮೇಲೆ ಬುಟ್ಟಿಯಲ್ಲಿ ಹಾಕಿ ತಂದರು, ಅಷ್ಟೆ. ಸತ್ತರೆ ತೋಟದ ಅಂಚಿನಲ್ಲಿ ಒಂದು ಗುಂಡಿ. ಮರುವರ್ಷ ಇನ್ನೊಂದು ಬುಟ್ಟಿ, ಅನೇಕ ವೇಳೆ ಅದೇ ಹೆಸರು. ನನ್ನ ಅಜ್ಜನ ಕಾಲದಿಂದ ನಮ್ಮ ಮನೆಯಲ್ಲಿ ಎಷ್ಟು ‘ಕರಿಯ’ಗಳು ಆಗಿಹೋದವೆಂದು ಹೇಳಲು ಈಗ ಯಾರೂ ಉಳಿದಿಲ್ಲ.

ನಮ್ಮ ನುಡಿಯೂ ನಾಯಿಯ ವಿಷಯದಲ್ಲಿ ಉದಾರವಾಗಿಲ್ಲ. ನಾಯಿಪಾಡು, ನಾಯಿಜನ್ಮ, ನಾಯಿಬುದ್ಧಿ ಎಂದು ಮೊದಲಾಗಿ ಕೆಟ್ಟದ್ದೆಲ್ಲ ಅದರ ಪಾಲಿಗೆ. ನಿಯತ್ತು ಎಂಬ ಒಂದು ಮಾತನ್ನು ಮಾತ್ರ ಅದಕ್ಕೆ ಬಿಟ್ಟುಕೊಟ್ಟಿದ್ದೇವೆ. ಅದನ್ನೂ ಬಹುಮಟ್ಟಿಗೆ ಇನ್ನೊಬ್ಬ ಮನುಷ್ಯನನ್ನು ಹಳಿಯುವಾಗಲೇ ಉಪಯೋಗಿಸುತ್ತೇವೆ.

ಹೀಗಿದ್ದುದು ಈಗ ಪ್ರಶ್ನೆಯಾದುದು ಹೇಗೆ? ಮನೆಗಳು ಬರಿದಾದುದರಿಂದ. ಹದಿನೈದು ಜನ ಉಣ್ಣುತ್ತಿದ್ದ ಮನೆಯಲ್ಲಿ ಈಗ ಇಬ್ಬರು. ಮಕ್ಕಳು ಬೆಂಗಳೂರಿನಲ್ಲಿ, ಮೊಮ್ಮಕ್ಕಳು ಅಲ್ಲಿಯೋ ಅದಕ್ಕಿಂತ ದೂರದಲ್ಲಿಯೋ. ಹದಿನೈದು ಜನರ ಬಳಿಕ ಉಳಿಯುತ್ತಿದ್ದ ಅನ್ನ ಇಬ್ಬರ ಬಳಿಕ ಉಳಿಯುವುದಿಲ್ಲ. ನಾಯಿಗೆಂದು ಬೇರೆ ಬೇಯಿಸಬೇಕು. ಬೇಯಿಸಬೇಕೆಂದ ಕೂಡಲೆ ಅದು ಲೆಕ್ಕಕ್ಕೆ ಬಂತು. ದಿನಕ್ಕೆ ಕಾಲು ಕಿಲೋ ಅಕ್ಕಿಯೆಂದು ಹಿಡಿದರೂ ವರ್ಷಕ್ಕೆ 91 ಕಿಲೋ; ನಾಯಿ 12 ವರ್ಷ ಬದುಕಿದರೆ ಸುಮಾರು 11 ಕ್ವಿಂಟಲ್. ನನ್ನ ಅಜ್ಜ ಕೇಳಿದ್ದರೆ ನಗುತ್ತಿದ್ದ. ಅವನ ಖಾತೆ ಕಿರ್ದಿಯಲ್ಲಿ ಕೊನೆಕೊಯ್ಲಿನ ಕೂಲಿಯಿತ್ತು, ಜಾತ್ರೆಯ ಖರ್ಚಿತ್ತು, ಪುರೋಹಿತರ ದಕ್ಷಿಣೆಯಿತ್ತು. ನಾಯಿಯ ಬಾಬತ್ತು ಒಂದು ಪೈಯೂ ಇರಲಿಲ್ಲ.

ಅಕ್ಕಿಯೊಂದೇ ಆದರೆ ಚಿಂತೆಯಿರಲಿಲ್ಲ. ಮರಿಗೆ ಒಂದೂವರೆ ಎರಡು ತಿಂಗಳಾಗುವಾಗಲೇ ಮೊದಲನೆಯ ಲಸಿಕೆ ಬೇಕು. ಇಲ್ಲವಾದರೆ ಪಾರ್ವೋ ಎಂಬ ರಕ್ತಭೇದಿ ಮೂರು ನಾಲ್ಕು ದಿನಗಳಲ್ಲಿ ಅದನ್ನು ಒಯ್ದುಬಿಡುತ್ತದೆ. ಮೂರು ತಿಂಗಳಿಗೆ ಹುಚ್ಚುನಾಯಿ ರೋಗದ ಲಸಿಕೆ, ಆಮೇಲೆ ವರ್ಷವರ್ಷವೂ ಅದೇ. ಇದರಲ್ಲಿ ಜಿಪುಣತನಕ್ಕೆ ಎಡೆಯಿಲ್ಲವೆಂಬುದು ನನ್ನ ಗಟ್ಟಿಯಾದ ಅಭಿಪ್ರಾಯ. ಆ ರೋಗದ ಲಕ್ಷಣ ಒಮ್ಮೆ ತೋರಿತೆಂದರೆ ಮನುಷ್ಯನಾಗಲಿ ನಾಯಿಯಾಗಲಿ ಉಳಿಯುವ ಆಸೆ ಇಲ್ಲವೆಂದೇ ಹೇಳಬೇಕು. ಹಿಂದೆ ಕಚ್ಚಿಸಿಕೊಂಡವರಿಗೆ ಹೊಕ್ಕುಳ ಸುತ್ತ ಹದಿನಾಲ್ಕು ಚುಚ್ಚುಮದ್ದು ಕೊಡುತ್ತಿದ್ದರು. ಕುರಿಯ ಮಿದುಳಿನಿಂದ ತಯಾರಿಸುತ್ತಿದ್ದ ಔಷಧವದು. 2004ರ ಸುಮಾರಿಗೆ ನಮ್ಮ ದೇಶದಲ್ಲಿ ಅದು ನಿಂತು, ತೋಳಿಗೆ ಕೊಡುವ ಹೊಸ ಲಸಿಕೆ ಬಂದಿದೆ. ನೋವು ಕಡಿಮೆಯಾಯಿತು, ರೋಗದ ಕ್ರೌರ್ಯ ಕಡಿಮೆಯಾಗಿಲ್ಲ.

ನಮ್ಮ ಸೀಮೆಗೆ ಇನ್ನೊಂದು ಭಯವೂ ಉಂಟು. 1957ರಲ್ಲಿ ನಮ್ಮ ನೆರೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗನ ಕಾಯಿಲೆ ಪತ್ತೆಯಾಯಿತು. ಸಿದ್ದಾಪುರಕ್ಕೆ ಅದು ದೂರದ ಸುದ್ದಿಯಾಗಿ ಉಳಿಯಲಿಲ್ಲ. 2024ರ ಬೇಸಗೆಯಲ್ಲಿ ಅಲ್ಲಿ ಎಷ್ಟೋ ಮನೆಗಳಲ್ಲಿ ಜನ ಆ ಜ್ವರಕ್ಕೆ ಹೆದರಿ ಬೆಟ್ಟಕ್ಕೆ ದರಕು ಗುಡಿಸಲು ಹೋಗುವುದನ್ನೇ ನಿಲ್ಲಿಸಿದ್ದರು. ರೋಗವನ್ನು ಹರಡುವುದು ಕಾಡಿನ ಉಣುಗು. ಕಾಡನ್ನು ಸುತ್ತಿ ಬರುವ ನಾಯಿಯ ಮೈಯಲ್ಲಿ ಉಣುಗು ಇರಬಾರದೆಂದು ಯಾರು ಹೇಳಿಯಾರು? ಆದುದರಿಂದ ವಾರವಾರವೂ ಅದರ ಕಿವಿಯ ಹಿಂದೆ, ಬೆರಳ ಸಂದಿಯಲ್ಲಿ ನೋಡಬೇಕು, ಔಷಧ ಹಚ್ಚಬೇಕು. ಕಣ್ಣು ಮಂದವಾದ ಇಬ್ಬರು ಮುದುಕರಿಗೆ ಇದು ಸಣ್ಣ ಕೆಲಸವಲ್ಲ.

ಎಲ್ಲಕ್ಕಿಂತ ಮೇಲಾಗಿ, ನಾಯಿಯಿರುವ ಮನೆಗೆ ಬೀಗ ಹಾಕುವಂತಿಲ್ಲ. ಕೊಟ್ಟಿಗೆಯಲ್ಲಿ ದನಗಳಿದ್ದಾಗ ಹೇಗೂ ಬೀಗ ಹಾಕುವಂತಿರಲಿಲ್ಲ. ನಾಯಿಯದು ಹೆಚ್ಚಿನ ಬಂಧನವೆನಿಸುತ್ತಿರಲಿಲ್ಲ. ಈಗ ಬಹಳ ಮನೆಗಳಲ್ಲಿ ಕೊಟ್ಟಿಗೆ ಬರಿದಾಗಿದೆ, ಹಾಲು ಪ್ಯಾಕೆಟ್ಟಿನಲ್ಲಿ ಬರುತ್ತದೆ. ಮಗಳ ಬಾಣಂತನಕ್ಕೆಂದು ಮೂರು ತಿಂಗಳು ಬೆಂಗಳೂರಿಗೆ ಹೋಗಬೇಕೆಂದರೆ ಕಾಲಿಗೆ ತೊಡರುವುದು ಈ ಒಂದು ಜೀವ ಮಾತ್ರ.

ಇಷ್ಟು ಖರ್ಚಿನ ಮಾತಾಯಿತು. ಈ ಮಾತನ್ನು ನಾವು ಗಟ್ಟಿಯಾಗಿ ಆಡುತ್ತೇವೆ, ಏಕೆಂದರೆ ಅದರ ಹಿಂದೆ ಇರುವ ಇನ್ನೊಂದನ್ನು ಆಡಲು ಸಂಕೋಚ. ಆ ಇನ್ನೊಂದು ಎಂದರೆ ಸಾವು.

ನಮ್ಮ ಕೊನೆಯ ಕರಿಯ ಹನ್ನೊಂದು ವರ್ಷ ನಮ್ಮಲ್ಲಿತ್ತು. ಎರಡು ವರ್ಷದ ಹಿಂದೆ, ಕಾರ್ತಿಕದ ಒಂದು ರಾತ್ರಿ, ಅದು ಯಾವಾಗಲೂ ಮಲಗುವ ಜಗಲಿಯ ಮೆಟ್ಟಿಲಿನಿಂದಲೇ ಅದನ್ನು ಚಿರತೆ ಒಯ್ದಿತು. ಸದ್ದು ಎಂದರೆ ಒಂದೇ ಒಂದು. ಎದ್ದು ದೀಪ ಹಾಕುವುದರೊಳಗೆ ಅಂಗಳ ಬರಿದಾಗಿತ್ತು. ಬೆಳಿಗ್ಗೆ ಬೆಟ್ಟದ ಅಂಚಿನಲ್ಲಿ ಕೊರಳಪಟ್ಟಿ ಸಿಕ್ಕಿತು. ಚಿರತೆಯನ್ನು ನಾನು ದೂಷಿಸಲಾರೆ. ಮಹಾರಾಷ್ಟ್ರದ ಅಕೋಲೆ ಎಂಬಲ್ಲಿ ಚಿರತೆಗಳ ಆಹಾರವನ್ನು ಕುರಿತು ನಡೆಸಿ 2014ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಂತೆ, ಅಲ್ಲಿ ಅವುಗಳ ಆಹಾರದಲ್ಲಿ ತೂಕದಿಂದ ನೂರಕ್ಕೆ 39 ಪಾಲು ನಾಯಿಗಳೇ. ಊರಂಚಿನ ಚಿರತೆಗೆ ನಾಯಿ ದಿನದ ಊಟ. ಹಾಗೆ ಒಯ್ಯದಿದ್ದರೆ ಹಾವು ಇದೆ. ಯಲ್ಲಾಪುರದ ಹೆದ್ದಾರಿಯ ಬದಿಯವರಿಗೆ ಅಂಕೋಲೆ ಹುಬ್ಬಳ್ಳಿಗಳ ನಡುವೆ ಹಗಲಿರುಳೂ ಓಡುವ ಲಾರಿಗಳಿವೆ. ನಮ್ಮಲ್ಲಿ ಮುದಿಯಾಗಿ ಬೂದಿಯ ಮೇಲೆ ಮಲಗಿ ಸಾಯುವ ನಾಯಿಯನ್ನು ಪುಣ್ಯವಂತ ನಾಯಿ ಎನ್ನಬೇಕು.

ನಮ್ಮ ಮನೆಯವಳು ಅಳಲಿಲ್ಲ. ನಾಯಿಗಾಗಿ ಅಳುವುದು ನಮ್ಮ ಹಳೆಯ ಮನೆಗಳ ರೂಢಿಯಲ್ಲ. ಆದರೆ ಎಷ್ಟೋ ದಿನ ರಾತ್ರಿ ಪಾತ್ರೆ ತೊಳೆಯುವ ಮುಂಚೆ ಹಿಡಿ ಅನ್ನ ಬೇರೆ ತೆಗೆದಿಡುವುದು ಅವಳ ಕೈಗೆ ತಪ್ಪಲಿಲ್ಲ. ತೆಗೆದಿಟ್ಟು, ನೆನಪಾಗಿ, ಕಾಗೆಗೆಂದು ಹಿತ್ತಿಲಿಗೆ ಒಯ್ದು ಹಾಕುತ್ತಿದ್ದಳು. ಒಂದು ದಿನ ಹೇಳಿದಳು: “ಇನ್ನು ಬ್ಯಾಡ.” ಅವಳ ಬಾಯಿಂದ ಬಂದುದು ಅಷ್ಟೇ. ಅಂದಿನಿಂದ ಯಾರಾದರೂ ಮರಿಯ ಸುದ್ದಿ ತಂದರೆ ನಾನು ಅಕ್ಕಿಯ ಲೆಕ್ಕ ಹೇಳುತ್ತೇನೆ, ಅವಳು ಒಳಗೆ ಹೋಗುತ್ತಾಳೆ.

ಈ ‘ಬೇಡ’ ಎಂಬುದು ನ್ಯಾಯವಾದದ್ದೇ ಎಂದು ನನಗೆ ನಾನೇ ಕೇಳಿಕೊಂಡಿದ್ದೇನೆ. ಕಳೆದುಕೊಳ್ಳುವ ಭಯದಿಂದ ಪಡೆಯದೇ ಇರುವುದು ಜಾಣತನವಿರಬಹುದು. ಹಾಗೆಂದರೆ ನಮ್ಮ ಸೀಮೆಯಲ್ಲಿ ಯಾರೂ ಅಡಿಕೆಯ ಗಿಡವನ್ನೇ ನೆಡಬಾರದಾಗಿತ್ತು. ಕೊಳೆರೋಗ ಬರದ ಮಳೆಗಾಲ ಎಷ್ಟಿದ್ದಾವು? ಆದರೆ ಗಿಡದ ಹೋಲಿಕೆ ಇಲ್ಲಿಗೆ ಪೂರ್ತಿ ಸಲ್ಲದು. ಗಿಡ ನಮ್ಮ ಕಾಲಸಪ್ಪಳಕ್ಕೆ ಕಿವಿ ನಿಮಿರಿಸುವುದಿಲ್ಲ.

ನಾಯಿಯನ್ನು ಕಳೆದುಕೊಂಡು ದುಃಖಿಸಿದವರು ಇಂದಿನ ಪೇಟೆಯ ಜನ ಮಾತ್ರವೆಂದು ತಿಳಿಯಬೇಕಾಗಿಲ್ಲ. ಮಂಡ್ಯ ಜಿಲ್ಲೆಯ ಮದ್ದೂರು ತಾಲೂಕಿನ ಆತಕೂರಿನಲ್ಲಿ ದೊರೆತು ಈಗ ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿರುವ ಶಿಲಾಶಾಸನವನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ಕ್ರಿ.ಶ. 949-50ರ ಕಾಲದ್ದು. ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟರ ಮೂರನೆಯ ಕೃಷ್ಣನ ಪರವಾಗಿ ಗಂಗರ ಬೂತುಗನು ಚೋಳ ರಾಜಾದಿತ್ಯನನ್ನು ಕೊಂದದ್ದನ್ನು ಅದು ಹೇಳುತ್ತದೆ. ಆ ಗೆಲುವಿಗೆ ಮೆಚ್ಚಿ ಕೃಷ್ಣನು ಬೂತುಗನಿಗೆ ಕೊಟ್ಟ ನಾಡುಗಳಲ್ಲಿ ಮೊದಲನೆಯದು ನಮ್ಮ ಶಿರಸಿ ತಾಲೂಕಿನ ಬನವಾಸಿಯನ್ನು ರಾಜಧಾನಿಯಾಗುಳ್ಳ ಬನವಾಸಿ ಹನ್ನೆರಡು ಸಾವಿರ. ಆದುದರಿಂದ ನಮ್ಮವರಿಗೆ ಆ ಕಲ್ಲಿನ ಮೇಲೆ ಒಂದಿಷ್ಟು ಹಕ್ಕಿದೆ ಎಂದುಕೊಳ್ಳೋಣ.

ಚರಿತ್ರೆಯ ಪುಸ್ತಕಗಳು ಅಲ್ಲಿಗೆ ನಿಲ್ಲುತ್ತವೆ. ಆದರೆ ಆ ಕಲ್ಲನ್ನು ನಿಲ್ಲಿಸಿದ್ದು ರಾಜನಿಗಾಗಿ ಅಲ್ಲ, ನಾಯಿಗಾಗಿ. ಬೂತುಗನ ಸೇವೆಯಲ್ಲಿದ್ದ ಮಣಲೆರ ಎಂಬ ವೀರನಿಗೆ ಒಡೆಯನು ಮೆಚ್ಚಿ ಬೇಡಿದ್ದನ್ನು ಕೊಡುವೆನೆಂದಾಗ ಅವನು ಊರನ್ನು ಕೇಳಲಿಲ್ಲ, ಹೊನ್ನನ್ನು ಕೇಳಲಿಲ್ಲ. ‘ಕಾಳಿ’ ಎಂಬ ನಾಯಿಯನ್ನು ಕೇಳಿದನು. ಆಮೇಲೆ ಬೆಟ್ಟವೊಂದರಲ್ಲಿ ದೊಡ್ಡ ಹಂದಿಯ ಮೇಲೆ ಆ ನಾಯಿಯನ್ನು ಬಿಟ್ಟಾಗ ಹಂದಿಯೂ ನಾಯಿಯೂ ಕಾದಾಡಿ ಒಟ್ಟಿಗೆ ಸತ್ತವು. ಮಣಲೆರನು ಆತಕೂರಿನ ಚಲ್ಲೇಶ್ವರನ ಗುಡಿಯ ಮುಂದೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿ ಬಿಟ್ಟನು. ಕಲ್ಲಿನ ಮೇಲ್ಭಾಗದಲ್ಲಿ ಹಂದಿಯ ಮೇಲೆ ಎರಗಿರುವ ಕಾಳಿಯ ಚಿತ್ರವಿದೆ. ಪೂಜೆ ಮಾಡುವ ಗೊರವನು ಈ ಕಲ್ಲಿಗೆ ಪೂಜೆ ಸಲ್ಲಿಸದೆ ಉಂಡರೆ ನಾಯಿ ಮಾಡಿದ ಪಾಪ ಅವನಿಗೆ ತಟ್ಟುವುದೆಂದೂ ಬರೆಸಿದ್ದಾನೆ. ನಾಯಿ ಮಾಡಿರಬಹುದಾದ ಪಾಪ ಯಾವುದೆಂದು ನಾನು ಬಹಳ ಯೋಚಿಸಿದ್ದುಂಟು. ಎಷ್ಟು ದೊಡ್ಡದಿದ್ದೀತು? ಮೊಸರಿನ ಗಡಿಗೆಗೆ ಬಾಯಿ ಹಾಕಿರಬಹುದು.

ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ 1967ರಲ್ಲಿ ಬಂತು. ಅದರಲ್ಲಿ ಹೊಲೆಯರ ಗುತ್ತಿಯನ್ನು ಜನ ನಾಯಿಗುತ್ತಿಯೆಂದೇ ಕರೆಯುತ್ತಾರೆ. ಅವನ ಜೊತೆಗೆ ಎಲ್ಲೆಲ್ಲಿಯೂ ಹುಲಿಯ ಎಂಬ ನಾಯಿ. ಆ ಮಹಾಕಾದಂಬರಿಯ ಕೊನೆಯಲ್ಲಿ ತುಂಬಿ ಹರಿಯುವ ತುಂಗೆ ಹುಲಿಯನನ್ನು ಒಯ್ಯುತ್ತದೆ. ಎಷ್ಟೋ ಮನುಷ್ಯರ ಕಷ್ಟಗಳನ್ನು ಒಣಗಣ್ಣಿನಿಂದ ಓದಿಕೊಂಡು ಬಂದವರು ಆ ಪುಟಕ್ಕೆ ಬಂದು ತಡೆದು ನಿಂತುದನ್ನು ನಾನು ಕಂಡಿದ್ದೇನೆ. ತೇಜಸ್ವಿಯವರ ‘ಕರ್ವಾಲೊ’ದ ‘ಕಿವಿ’ ಬೇರೆಯ ಬಗೆಯ ನಾಯಿ, ಅದು ನಗಿಸುತ್ತದೆ. ಮಲೆನಾಡಿನ ಈ ಇಬ್ಬರು ಲೇಖಕರಿಗೂ ನಾಯಿಯನ್ನು ಬಿಟ್ಟು ಕಾಡನ್ನು ಹೇಳುವುದು ಸಾಧ್ಯವಾಗಲಿಲ್ಲ.

ಇಷ್ಟನ್ನೆಲ್ಲ ಸಿದ್ದಾಪುರದ ನನ್ನ ಸ್ನೇಹಿತರೊಬ್ಬರ ಮುಂದೆ ಒಂದು ಸಂಜೆ ಹೇಳುತ್ತಿದ್ದೆ. ನಿವೃತ್ತ ಅಧ್ಯಾಪಕರು, ವಯಸ್ಸು 74. ಪೂರ್ತಿ ಕೇಳಿ, “ಹೆಗಡೇರೆ, ನೀವು ಪ್ರಶ್ನೆಯನ್ನು ತಲೆಕೆಳಗು ಹಿಡಿದಿದ್ದೀರಿ” ಎಂದರು. “ನಾಯಿ ಸತ್ತರೆ ನನಗೆ ಹೇಗೆ ಎಂದು ಕೇಳುವುದು ನಲವತ್ತು ವರ್ಷದವನ ಪ್ರಶ್ನೆ. ಈಗ ಮರಿ ತಂದರೆ ಅದು ಹದಿಮೂರು ವರ್ಷ ಬದುಕೀತು. ನಾನು ಬದುಕುತ್ತೇನೆಯೆ? ನಾನು ಸತ್ತರೆ ಅದಕ್ಕೆ ಹೇಗೆ, ಅದನ್ನು ಹೇಳಿ.”

ನನ್ನಲ್ಲಿ ಸಿದ್ಧವಾದ ಉತ್ತರವಿರಲಿಲ್ಲ. ಜಪಾನಿನ ಹಾಚಿಕೋ ಎಂಬ ನಾಯಿಯ ಕಥೆಯನ್ನು ಎಲ್ಲರೂ ಕೇಳಿದ್ದೇವೆ. ಅದರ ಒಡೆಯರಾಗಿದ್ದ ಪ್ರಾಧ್ಯಾಪಕ ಉಎನೋ 1925ರ ಮೇ ತಿಂಗಳಿನಲ್ಲಿ ತೀರಿಕೊಂಡರು. ಆಗ ಎರಡು ವರ್ಷವೂ ತುಂಬಿರದ ಆ ನಾಯಿ, 1935ರ ಮಾರ್ಚಿನಲ್ಲಿ ತಾನು ಸಾಯುವವರೆಗೂ ಟೋಕಿಯೋದ ಶಿಬುಯಾ ನಿಲ್ದಾಣಕ್ಕೆ ಬಂದು ಕಾಯುತ್ತಿತ್ತು. ಅದನ್ನು ನಿಷ್ಠೆಯ ಕಥೆಯೆಂದು ಕೊಂಡಾಡುತ್ತೇವೆ, ಪ್ರತಿಮೆ ಮಾಡಿಸುತ್ತೇವೆ. ಸ್ನೇಹಿತರ ಮಾತನ್ನು ಕೇಳಿದ ಮೇಲೆ ನನಗೆ ಅದು ಒಂದು ನಾಯಿಯ ಹತ್ತು ವರ್ಷದ ವನವಾಸವಾಗಿ ಕಾಣತೊಡಗಿದೆ.

ಇದು ದೂರದ ದೇಶದ ಮಾತೂ ಅಲ್ಲ. ನಮ್ಮ ಮೂರು ತಾಲೂಕುಗಳಲ್ಲಿಯೂ ಕಣಿವೆಗೊಂದರಂತೆ ಬೀಗ ಹಾಕಿದ ಮನೆಗಳಿವೆ. ತಂದೆ ತೀರಿಕೊಂಡು, ತಾಯಿಯನ್ನು ಮಗ ಬೆಂಗಳೂರಿಗೆ ಕರೆದೊಯ್ದ ದಿನ ಕಾರಿನಲ್ಲಿ ಪೆಟ್ಟಿಗೆಗೆ ಜಾಗವಿರುತ್ತದೆ, ದೇವರ ಪೀಠಕ್ಕೆ ಜಾಗವಿರುತ್ತದೆ. ಬಾಡಿಗೆಯ ಮೂರನೆಯ ಮಹಡಿಯಲ್ಲಿ ಊರುನಾಯಿಗೆ ಜಾಗವಿರುವುದಿಲ್ಲ. ಮಗನನ್ನು ಹಳಿಯುವುದು ಸುಲಭ. ಅವನ ಜಾಗದಲ್ಲಿ ನಿಂತು ಬೇರೆ ಮಾಡುವುದು ಕಷ್ಟ. ಇನ್ನು ಹೆಣ್ಣುಮರಿಗಳನ್ನು ಗೋಣಿಚೀಲದಲ್ಲಿ ಕಟ್ಟಿ ಪೇಟೆಯ ಅಂಚಿನಲ್ಲಿಯೋ ಘಟ್ಟದ ತಿರುವಿನಲ್ಲಿಯೋ ಇಳಿಸಿ ಬರುವ ಚಾಳಿ ಇದೆಯಲ್ಲ, ಅದಕ್ಕೆ ಮಾತ್ರ ನನ್ನಲ್ಲಿ ಕ್ಷಮೆಯಿಲ್ಲ. ಸಂತಾನಹರಣದ ಶಸ್ತ್ರಚಿಕಿತ್ಸೆ ಮಾಡಿಸಬಹುದಾದ ಕಾಲದಲ್ಲಿ ಇದು ಬಡತನದ ಮಾತಲ್ಲ, ಆಲಸ್ಯದ ಮಾತು.

ವ್ಯಾಸಭಾರತದ ಮಹಾಪ್ರಸ್ಥಾನಿಕ ಪರ್ವದ ನಾಯಿ ಇಲ್ಲಿ ನೆನಪಿಗೆ ಬರುತ್ತದೆ. ಕುಮಾರವ್ಯಾಸನು ಗದಾಪರ್ವಕ್ಕೆ ನಿಲ್ಲಿಸಿದುದರಿಂದ ನಮ್ಮ ಗಮಕಿಗಳ ಬಾಯಲ್ಲಿ ಅದು ಹೆಚ್ಚಾಗಿ ಬಂದಿಲ್ಲ. ಮುಂದಿನ ಪರ್ವಗಳನ್ನು ತಿಮ್ಮಣ್ಣ ಕವಿ ಹೇಳಿದನಾದರೂ ಅದನ್ನು ಓದಿಸುವವರು ಕಡಿಮೆ. ದ್ರೌಪದಿಯೂ ನಾಲ್ವರು ತಮ್ಮಂದಿರೂ ದಾರಿಯಲ್ಲಿ ಬಿದ್ದಮೇಲೆ ಧರ್ಮರಾಯನ ಜೊತೆಗೆ ಉಳಿದದ್ದು ಊರಿನಿಂದಲೇ ಹಿಂಬಾಲಿಸಿ ಬಂದ ನಾಯಿ. ಇಂದ್ರ ರಥ ತಂದು, ನಾಯಿಯುಳ್ಳವರಿಗೆ ಸ್ವರ್ಗದಲ್ಲಿ ಎಡೆಯಿಲ್ಲ, ಇದನ್ನು ಬಿಟ್ಟು ಏರು ಎನ್ನುತ್ತಾನೆ. ಕೊನೆಗೆ ಅದು ಯಮಧರ್ಮನೇ ಎಂದು ತಿಳಿಯುವ ಭಾಗ ಎಲ್ಲರಿಗೂ ಗೊತ್ತು. ನನಗೆ ಅದಕ್ಕಿಂತ ಮುಖ್ಯವಾಗಿ ತೋರುವುದು ನಡುವಿನ ಒಂದು ವಾದ. ಇಂದ್ರ ಕೇಳುತ್ತಾನೆ: ಹೆಂಡತಿಯನ್ನು ಬಿಟ್ಟೆ, ತಮ್ಮಂದಿರನ್ನು ಬಿಟ್ಟೆ, ಒಂದು ನಾಯಿಯನ್ನು ಬಿಡಲಾರೆಯಾ? ವಕೀಲರು ಕೇಳುವಂಥ ಪ್ರಶ್ನೆ. ಧರ್ಮರಾಯನ ಉತ್ತರದ ತಾತ್ಪರ್ಯ ಇಷ್ಟು: ಅವರು ಸತ್ತಿದ್ದರು, ಸತ್ತವರನ್ನು ಎಬ್ಬಿಸುವುದು ನನ್ನಿಂದಾಗದು, ಬದುಕಿದ್ದಾಗ ನಾನು ಅವರನ್ನು ಬಿಟ್ಟವನಲ್ಲ. ಇದು ಬದುಕಿದೆ, ನನ್ನನ್ನು ನಂಬಿ ಬಂದಿದೆ.

ನಾಯಿ ಸಾಯುವುದು ನಮ್ಮ ಕೈಯಲ್ಲಿಲ್ಲ. ಚಿರತೆಗೆ ನಾನು ಉತ್ತರ ಕೊಡಬೇಕಾಗಿಲ್ಲ. ಬದುಕಿರುವ ನಾಯಿಯನ್ನು ಬಿಟ್ಟುಹೋಗುವುದಕ್ಕೆ ಮಾತ್ರ ಉತ್ತರ ಕೊಡಬೇಕು. ನಮ್ಮ ಮನೆಯಲ್ಲಿ ಎರಡು ವರ್ಷ ನಾವು ಚಿರತೆಯ ಲೆಕ್ಕವನ್ನೂ ಅಕ್ಕಿಯ ಲೆಕ್ಕವನ್ನೂ ಹಾಕುತ್ತ ಕುಳಿತಿದ್ದೆವು. ನಮ್ಮ ವಯಸ್ಸಿನವರು ಹಾಕಬೇಕಾದ ಲೆಕ್ಕ ಬೇರೆಯಾಗಿತ್ತು. ನನಗೆ 69. ಮರಿಯನ್ನು ತರುವುದು ನನ್ನ ಮಟ್ಟಿಗೆ ಸರಿಯಲ್ಲವೆಂದು ಈಗ ತೀರ್ಮಾನಿಸಿದ್ದೇನೆ. ಮೂವತ್ತು ನಲವತ್ತರವರು, ಮಕ್ಕಳಿರುವ ಮನೆಯವರು ಧಾರಾಳವಾಗಿ ತರಬೇಕು, ಕಳೆದುಕೊಂಡಾಗ ಮಕ್ಕಳೊಂದಿಗೆ ಕುಳಿತು ಅಳಬೇಕು. ನಮ್ಮಲ್ಲಿ ಭಾದ್ರಪದ ಆಶ್ವೀಜಗಳಲ್ಲಿ ನಾಯಿಗಳು ಕೂಡಿ, ಎರಡು ತಿಂಗಳಿಗೆ ಚಳಿ ಬೀಳುವ ಹೊತ್ತಿಗೆ ಮರಿಗಳಾಗುತ್ತವೆ. ಆಗ ಯಾವ ಕೇರಿಯಲ್ಲಿ ಕೇಳಿದರೂ ಬುಟ್ಟಿ ತುಂಬ ಸಿಗುತ್ತವೆ. ಜಾತಿಯ ನಾಯಿಗೆಂದು ಸಾವಿರಾರು ರೂಪಾಯಿ ಕೊಡುವ ಕಾರಣ ನನಗೆ ತಿಳಿಯದು. ಮುಧೋಳದ ನಾಯಿ ನಮ್ಮ ನಾಡಿನ ಹೆಮ್ಮೆ, 2005ರಲ್ಲಿ ಅಂಚೆಚೀಟಿಯ ಮೇಲೂ ಬಂತು; ಆದರೆ ಅದು ಬಯಲಿನಲ್ಲಿ ಓಡಲು ಹುಟ್ಟಿದ್ದು. ಅದನ್ನು ನಮ್ಮ ಮಳೆಯಲ್ಲಿ ತಂದು ಬಚ್ಚಲ ಮೂಲೆಯಲ್ಲಿ ಕೂರಿಸುವುದು ಅದಕ್ಕೂ ಶಿಕ್ಷೆ.

ಹಾಗಾದರೆ ಮುದುಕರ ಮನೆಗೆ ನಾಯಿಯೇ ಬೇಡವೆ? ಇಲ್ಲಿಗೆ ಬಂದಾಗ ನನ್ನ ವಾದಕ್ಕಿಂತ ಮುಂಚೆ ಒಂದು ನಾಯಿಯೇ ನಡೆದುಬಂದಿದೆ. ನಮ್ಮಿಂದ ಒಂದು ದಿಣ್ಣೆ ಆಚೆಯ ಮನೆಗೆ ಕಳೆದ ಚೈತ್ರದಲ್ಲಿ ಬೀಗ ಬಿತ್ತು. ಅವರ ನಾಯಿ ಬೆಳ್ಳಿ, ಐದಾರು ವರ್ಷದ ಹೆಣ್ಣು, ಉಳಿದುಕೊಂಡಿತು. ರಾತ್ರಿ ಅದು ಬೀಗ ಹಾಕಿದ ಮನೆಯ ಜಗಲಿಯಲ್ಲಿಯೇ ಮಲಗುತ್ತಿತ್ತು. ಸಂಜೆಯಾದರೆ ನಮ್ಮ ದಣಪೆಯ ಹೊರಗೆ ಬಂದು ಕೂರುತ್ತಿತ್ತು. ಒಳಗೆ ಬರುತ್ತಿರಲಿಲ್ಲ, ಬೇಡುತ್ತಲೂ ಇರಲಿಲ್ಲ. ನಾನು ನೋಡಿಯೂ ನೋಡದಂತೆ ಇದ್ದೆ, ಏಕೆಂದರೆ ‘ಬ್ಯಾಡ’ ಎಂಬ ಮಾತು ಮನೆಯಲ್ಲಿ ಇನ್ನೂ ಇತ್ತು. ಆಷಾಢದ ಮಳೆಯಲ್ಲಿ ಒಂದು ಸಂಜೆ, ಅಡಿಕೆ ಹಾಳೆಯ ಮೇಲೆ ಅನ್ನ ಮಜ್ಜಿಗೆ ಕಲಸಿ ದಣಪೆಯ ಆಚೆ ಇಟ್ಟು ಬಂದದ್ದು ನಮ್ಮ ಮನೆಯವಳೇ. ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ. ಹಾಳೆ ದಿನದಿನಕ್ಕೆ ಒಂದು ಮಾರು ಒಳಗೆ ಸರಿದು, ಈಗ ಅಂಗಳದ ತುಳಸಿಕಟ್ಟೆಯ ಆಚೆಗೆ ಬಂದು ನಿಂತಿದೆ.

ಐದಾರು ವರ್ಷದ ನಾಯಿಗೆ ಇನ್ನು ಏಳೆಂಟು ವರ್ಷ. ನನ್ನ ವಯಸ್ಸಿಗೆ ಇದು ಕೈಗೆಟುಕುವ ಲೆಕ್ಕ. ಆದರೂ ಸ್ನೇಹಿತರು ಕೇಳಿದ ಪ್ರಶ್ನೆಗೆ ಬಾಯಿಮಾತಿನಲ್ಲಾದರೂ ಒಂದು ಏರ್ಪಾಡು ಬೇಕೆನಿಸಿತು. ತೋಟದ ಕೆಲಸಕ್ಕೆ ಬರುವ ನಾಯ್ಕರನ್ನು ಕೇಳಿದೆ: ನಾವಿಬ್ಬರೂ ಇಲ್ಲದ ದಿನ ಬಂದರೆ ಇದನ್ನು ನೀನು ಕರೆದುಕೊಂಡು ಹೋಗುತ್ತೀಯಾ? ಅವನು ಕತ್ತಿಯನ್ನು ಸೊಂಟದ ಕೊಕ್ಕೆಗೆ ಸಿಕ್ಕಿಸುತ್ತ, “ಅಷ್ಟು ದೊಡ್ಡ ಮಾತು ಎಂತಕ್ಕೆ ಹೆಗಡೇರೆ? ಮಧ್ಯಾಹ್ನದ ಊಟ ಅದಕ್ಕೆ ಈಗಲೇ ನಮ್ಮನೆಯಲ್ಲಿ” ಎಂದ. ಈ ಸಂಗತಿ ನನಗೆ ತಿಳಿದಿರಲಿಲ್ಲ. ಬೆಂಗಳೂರಿಗೆ ಹೋಗಬೇಕಾದ ಮೂರು ತಿಂಗಳ ಚಿಂತೆಯೂ ಅದರಿಂದ ಅರ್ಧ ಇಳಿಯಿತು. ಅವನ ಮನೆಗೆ ಅಕ್ಕಿ ಕಳಿಸಿದರಾಯಿತು. ರಾತ್ರಿ ಮಲಗಲು ಕೊಟ್ಟಿಗೆಯ ಬಾಗಿಲಿಗೆ ಹೊಸ ಚಿಲಕ ಹಾಕಿಸಿದ್ದೇನೆ. ದನಗಳಿಲ್ಲದ ಕೊಟ್ಟಿಗೆ, ಜಾಗಕ್ಕೆ ಕೊರತೆಯಿಲ್ಲ. ಕತ್ತಲಾದ ಮೇಲೆ ಒಳಗೆ ಹೋಗಲು ಅದು ಮೊದಮೊದಲು ಒಪ್ಪಲಿಲ್ಲ. ಈಗಲೂ ಕೆಲವು ರಾತ್ರಿ ಬೀಗ ಹಾಕಿದ ಆ ಮನೆಗೆ ಹೋಗಿ ಬಾಗಿಲನ್ನು ಮೂಸಿ ಬರುತ್ತದೆ. ಅದಕ್ಕೆ ಬೇಡವೆನ್ನುವ ಅಧಿಕಾರ ನಮಗಿಲ್ಲ.

ಸೆಪ್ಟೆಂಬರ್ 28, 1895ರಲ್ಲಿ ಲೂಯಿ ಪಾಶ್ಚರ್ ತೀರಿಕೊಂಡ ದಿನ. ಹುಚ್ಚುನಾಯಿ ರೋಗಕ್ಕೆ 1885ರಲ್ಲಿ ಮೊದಲು ಲಸಿಕೆ ಕೊಟ್ಟ ಆ ಪುಣ್ಯಾತ್ಮನ ನೆನಪಿಗೆ ಆ ದಿನದ ಸುಮಾರಿಗೆ ಪಶು ಆಸ್ಪತ್ರೆಗಳಲ್ಲಿ ನಾಯಿಗಳಿಗೆ ಉಚಿತವಾಗಿ ಲಸಿಕೆ ಹಾಕುತ್ತಾರೆ. ಬೆಳ್ಳಿಯನ್ನು ಅಲ್ಲಿಗೆ ಒಯ್ಯಬೇಕೆಂದಿದ್ದೇನೆ. ಅದಕ್ಕೆ ಜೀಪು ಹತ್ತಿ ಅಭ್ಯಾಸವಿಲ್ಲ, ಕೊರಳಿಗೆ ಹಗ್ಗವೂ ಹೊಸದು. ನಾಯ್ಕ ಜೊತೆಗೆ ಬರುತ್ತೇನೆಂದಿದ್ದಾನೆ. ಅಲ್ಲಿ ಚೀಟಿ ಬರೆಯುವಾಗ ನಾಯಿಯ ಹೆಸರು, ವಯಸ್ಸು, ಒಡೆಯರ ಹೆಸರು ಕೇಳುತ್ತಾರೆ. ಮೊದಲ ಎರಡಕ್ಕೆ ನನ್ನಲ್ಲಿ ಉತ್ತರವಿದೆ. ಮೂರನೆಯದಕ್ಕೆ ಏನು ಬರೆಸಲಿ ಎಂದು ನಮ್ಮ ಮನೆಯವಳನ್ನು ನಿನ್ನೆ ಕೇಳಿದೆ. ಅವಳು ಹಾಳೆ ತೊಳೆಯುತ್ತಿದ್ದಳು. ಆ ದಿನ ಬರಲಿ, ನೋಡೋಣ ಎಂದಳು.